ಬಂದ್ ಆಗಲೊಲ್ಲದ ಗಂಡ

ಈರಪ್ಪ ತೀರಿಕೊಂಡ ಮೇಲೆ, ಓಣಿಯ ಉಳಿದ ಸತ್ತವರಂತೆ ಅವನನ್ನೂ ಒಂದು ಹಳೆಯ ಕಂಪ್ಯೂಟರಿಗೆ ತುಂಬಿ ಮನೆಗೆ ಕಳಿಸಿದ್ದರು. ಹೊಸ ಯಂತ್ರಗಳಿಗೆ ಸತ್ತವರು ಒಗ್ಗುತ್ತಿರಲಿಲ್ಲ. ಹೆಂಡತಿ ನೀಲವ್ವ ಮುಂಜಾನೆ ಬಟನ್ ಒತ್ತಿ ಅವನನ್ನು ಎಬ್ಬಿಸುವಳು, ದಿನವೆಲ್ಲ ಮಾತಾಡಿಸುವಳು, ಸಂಜೆ ದೀಪ ಹಚ್ಚಿ ಬಂದ್ ಮಾಡುವಳು.

ಆದರೆ ಬಂದ್ ಮಾಡಿದಾಗಲೆಲ್ಲ ಅವನ ಮಾತು ನಿಂತು, ಪರದೆಯ ಮೇಲೆ ‘ಡ್ರೈವರ್ ದೋಷ, ದಯವಿಟ್ಟು ಕಾಯಿರಿ’ ಎಂದು ಬರುತ್ತಿತ್ತು. ತಾಸುಗಟ್ಟಲೆ ಯಂತ್ರ ಆರುತ್ತಿರಲಿಲ್ಲ. ನೀಲವ್ವ ಬಿಸಿ ಡಬ್ಬಿಯ ಮೇಲೆ ಕೈಯಿಟ್ಟು ಕೂತಿರುತ್ತಿದ್ದಳು.

“ನನ್ನ ಬಿಟ್ಟು ಹೋಗಾಕ ಅವ್ರಿಗೆ ಮನಸ್ಸ ಬರೂದಿಲ್ಲ” ಎಂದು ಓಣಿಯ ಹೆಂಗಸರ ಮುಂದೆಲ್ಲ ಕೊಚ್ಚಿಕೊಂಡಿದ್ದಳು.

ಕೊನೆಗೆ, ಯಂತ್ರ ಸುಟ್ಟೇಹೋದೀತೆಂದು ಹೆದರಿ ರಿಪೇರಿಯ ಮೌಲಾಸಾಬನನ್ನು ಕರೆಸಿದಳು. ಅವನು ತುಸು ಹೊತ್ತು ಕೀಲಿಮಣೆ ಕುಟ್ಟಿ, ಮುಖ ತಗ್ಗಿಸಿದ.

“ಅಮ್ಮಾರ, ಇದರಾಗ ಸ್ಪೀಕರಿಗೆ ಮಾತು ಕಳಿಸೂ ಡ್ರೈವರ್ ಎರಡು ಅದಾವ್ರಿ. ಒಂದು ಈ ಮನೀದು, ಇನ್ನೊಂದು ಬ್ಯಾರೆ ಮನೀದು. ನೀವು ಬಂದ್ ಮಾಡಿದ ಮ್ಯಾಲೆ ಯಜಮಾನ್ರು ಅಲ್ಲಿ ಮಾತಾಡ್ತಾರ. ಆ ಮಾತು ಮುಗಿಯೂತನ ಇದು ಆರೂದಿಲ್ರಿ.”

“ಯಾರ ಮನಿ?”

“ಶಾಂತಾಬಾಯಿ ಅಂತ ಹೆಸರೈತ್ರಿ.”

ಶಾಂತಾಬಾಯಿ ಈರಪ್ಪನ ಹೆಣದ ಮೇಲೆ ಬಿದ್ದು ಅತ್ತಾಗ, ಪಾಪವೆಂದು ಎಬ್ಬಿಸಿ ನೀರು ಕುಡಿಸಿದವಳು ನೀಲವ್ವನೇ.

“ಆ ಇನ್ನೊಂದನ್ನ ಕಿತ್ತು ಒಗಿ” ಎಂದಳು.

ಅಂದು ಸಂಜೆ ದೀಪ ಹಚ್ಚಿ ಬಟನ್ ಒತ್ತಿದಳು. ರೂಢಿಯಂತೆ ಡಬ್ಬಿಯ ಮೇಲೆ ಕೈಯಿಡಲು ಹೋದಳು. ಕೈ ತಾಕುವುದರೊಳಗೆ ಈರಪ್ಪ ಆರಿಹೋಗಿದ್ದ.