ಐನೋರ ಪಾದ

ಐನೋರು ಗುರುಶಾಂತಯ್ಯನವರು ಎತ್ತಿದ ಬಲಗಾಲು ಗಾಳಿಯಲ್ಲೇ ನಿಂತಿತು. ಎದುರಿಗೆ ಪುಟ್ಟಮಾದಪ್ಪನ ದೇಹವನ್ನು ಹಣೆತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣಿಗೆ ಒಯ್ಯುವ ಮೊದಲು ತಲೆಯ ಮೇಲೆ ಐನೋರ ಪಾದ ಬೀಳಬೇಕು, ಆಗಲೇ ಜೀವಕ್ಕೆ ದಾರಿ ಎನ್ನುವುದು ಮಠದ ಮಾತು. ಮನುಷ್ಯನ ಪಾದದಿಂದ ಮನುಷ್ಯನಿಗೆ ಮುಕ್ತಿಯಿಲ್ಲ ಎನ್ನುವುದು ಗುರುಶಾಂತಯ್ಯನವರ ನಂಬಿಕೆ. ಹೋದ ತಿಂಗಳು ಇದೇ ತಗಡೂರಿನ ಜಗುಲಿಯೊಂದರಲ್ಲಿ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದರು.

"ಯಾಕೆ ಐನೋರೆ, ಕಾಲು ಉಳುಕ್ತಾ?" ಎಂದು ಊರ ಹಿರಿಯ ಚಿಕ್ಕಬಸಪ್ಪ ಕುಟುಕಿದ.

ಅವರು ಕಾಲಿಳಿಸಿ, ಸತ್ತವನ ಹೆಂಡತಿ ಮಂಗಳಗೌರಮ್ಮನ ಕಡೆ ತಿರುಗಿದರು. "ಕೈ ಇಡ್ತೀನಿ ಕಣವ್ವ."

"ನೀವು ನಂಬಲ್ಲ ಅಂತ ಗೊತ್ತು ಬುದ್ಧಿ," ಎಂದಳು ಆಕೆ, ಗಂಡನ ಹೆಗಲು ಹಿಡಿದುಕೊಂಡೇ. "ಜಗುಲೀಲಿ ನೀವಂದಿದ್ನ ಇವ್ರೇ ಬಂದು ಯೋಳುದ್ರು. ಆದ್ರೂ ಕೊನೇಗೆ ನಿಮ್ಮನ್ನೇ ಕರೀರಿ ಅಂದ್ರು. ನಂಬಿದ್ದು ಇವ್ರು. ಓಗೋರೂ ಇವ್ರೇ."

ಗುರುಶಾಂತಯ್ಯನವರು ಪಾದವಿಟ್ಟರು, ಕೂದಲಿಗೆ ತಾಕಿಯೂ ತಾಕದ ಹಾಗೆ. ಆಮೇಲೆ ಯಾವ ಐನೋರೂ ಮಾಡದ್ದನ್ನು ಮಾಡಿದರು. ಮೊಣಕಾಲೂರಿ, ಪುಟ್ಟಮಾದಪ್ಪನ ಮಡಿಸಿದ ಕಾಲುಗಳಿಗೆ ಹಣೆ ಹಚ್ಚಿದರು. ಎದ್ದಾಗ ಅವರ ಹಣೆಯ ವಿಭೂತಿ ಸತ್ತವನ ಪಾದದ ಮೇಲಿತ್ತು.