ಬೀಗ ಹಾಕಿದ ಮನೆ

ಬೀಗ ಹಾಕಿದ ಮನೆಯೊಳಗಿಂದ ಕುಕ್ಕರ್ ಸೀಟಿ ಹೊಡೆಯಿತು. ಬೀಗವನ್ನು ಎಳೆದು ಅಲ್ಲಾಡಿಸಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆಯುತ್ತಿದ್ದ ಕಾನ್‌ಸ್ಟೆಬಲ್ ಪರಶುರಾಮ ಬೆಚ್ಚಿಬಿದ್ದ. ಕಿವಿಗೊಟ್ಟು ನಿಂತ. ಇನ್ನೊಂದು ಸೀಟಿ. ಅಬ್ಬಾ, ಎಂಥ ಗಟ್ಟಿ ಗುಂಡಿಗೆಯ ಕಳ್ಳನಪ್ಪಾ! ಸಿಕ್ಕಿದ್ದನ್ನು ಬಾಚಿಕೊಂಡು ಓಡುವುದು ಬಿಟ್ಟು ಅನ್ನಕ್ಕಿಟ್ಟು ಕೂತಿದ್ದಾನೆ!

ದಸರಾ ರಜೆಗೆ ಶಿಕಾರಿಪುರದ ಆ ಓಣಿ ಪೂರ್ತಿ ಖಾಲಿಯಾಗಿತ್ತು. ಊರಿಗೆ ಹೋಗುವವರು ಠಾಣೆಗೆ ತಿಳಿಸಿದರೆ ಪರಶುರಾಮ ದಿನಾ ಸಂಜೆ ಬೈಕಿನಲ್ಲಿ ಬಂದು ಅವರ ಮನೆ ಬೀಗ ನೋಡಿ, ಫೋಟೊ ತೆಗೆದು, ‘ನಿಮ್ಮ ಮನೆ ಸುರಕ್ಷಿತವಾಗಿದೆ’ ಎಂದು ಅವರ ಮೊಬೈಲಿಗೆ ಕಳಿಸಬೇಕು. ಕಳ್ಳರ ಹಾವಳಿ ಅಷ್ಟಿತ್ತು. ಈ ಮನೆ ಸೀರೆಗೆ ಫಾಲ್ ಹಚ್ಚುವ ನಿರ್ಮಲಮ್ಮನದು. ಜಡೆ ಊರಿನಲ್ಲಿರುವ ಅಣ್ಣನ ಮನೆಗೆ ಹೋಗುತ್ತೇನೆ, ರಜೆ ಮುಗಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೋಗಿದ್ದರು.

ಪರಶುರಾಮ ಲಾಠಿ ಹಿಡಿದು ಪಕ್ಕದ ಸಂದಿಯಲ್ಲಿ ನುಗ್ಗಿ ಹಿತ್ತಿಲಿಗೆ ಬಂದ. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒದ್ದು ಒಳಗೆ ಕಾಲಿಟ್ಟರೆ, ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವರು ಸಾಕ್ಷಾತ್ ನಿರ್ಮಲಮ್ಮನೇ.

“ಅಯ್ಯೋ, ಮೆಲ್ಲಕ್ರೀ! ಕದ ಮುರಿದೀತು.”

“ಕದ ಹಾಳಾಗ್ಲಿ. ಯಾವಾಗ ಬಂದ್ರಿ ಊರಿಂದ? ಮುಂದೆ ಬೀಗ ಹಂಗೇ ಐತಲ್ರೀ!”

“ಹೋಗಿದ್ರೆ ತಾನೆ ಬರೋದು.”

ಪರಶುರಾಮನಿಗೆ ತಲೆ ಬಿಸಿಯಾಯಿತು. “ಅಂದ್ರೆ ಇಷ್ಟು ದಿನ ನೀವು ಒಳಗೇ ಕೂತಿದ್ರಾ? ನಾನು ಕೋಡಂಗಿ ಥರ ಬೀಗದ ಫೋಟೊ ತೆಗೆದು ನಿಮಗೇ ಕಳಿಸ್ತಿದ್ನಾ? ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ. ಯಾಕ್ರೀ ಬೇಕಿತ್ತು ಈ ನಾಟಕ?”

ನಿರ್ಮಲಮ್ಮ ಒಲೆ ಆರಿಸಿದರು. “ರಜೆಗೆ ಮೊದ್ಲು ನೀವೇ ಅಲ್ವೇನ್ರೀ ಮನೆ ಮನೆಗೆ ಬಂದಿದ್ದು? ‘ಎಲ್ಲಾರೂ ಹೋಗ್ತಾರೆ, ನಾನೊಬ್ಬಳೇ ಇರ್ತೀನಿ, ಈ ಕಡೆ ಬಂದಾಗ ನನ್ನನ್ನೂ ಒಂದು ಸಲ ಕೂಗ್ರೀ’ ಅಂತ ಕೇಳಿದೆ. ‘ಜನ ಇರೋ ಮನೆ ನಾವು ನೋಡಲ್ಲಮ್ಮ, ಬೀಗ ಹಾಕಿದ್ರೆ ಮಾತ್ರ’ ಅಂದ್ರಿ. ಅದಕ್ಕೇ ಹಾಕಿದೆ.”

ಹಾಗೆ ಅಂದದ್ದು ಪರಶುರಾಮನಿಗೆ ನೆನಪಾಯಿತು. ಸ್ವಲ್ಪ ಮೆತ್ತಗಾದ. “ಅಣ್ಣನ ಮನೆಗೆ ನಿಜವಾಗ್ಲೂ ಹೋಗಬಹುದಿತ್ತಲ್ರೀ?”

“ಅಣ್ಣ ಇದ್ದ ತನಕ ಹೋಗ್ತಿದ್ದೆ. ಈಗ ಅತ್ತಿಗೆ ಫೋನೂ ಎತ್ತಲ್ಲ.” ನಿರ್ಮಲಮ್ಮ ತೊಳೆದ ಸೌಟನ್ನೇ ಮತ್ತೆ ತೊಳೆದರು. “ಹಬ್ಬಕ್ಕೆ ಮುಂಚೆ ಓಣಿ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಸೀರೆ ಕೊಟ್ರು. ‘ನಿರ್ಮಲಕ್ಕ, ಇವತ್ತೇ ಬೇಕು ನಿರ್ಮಲಕ್ಕ’ ಅಂತ. ಉಟ್ಕೊಂಡು ಹೋದ್ರು. ನೀನೆಲ್ಲಿ ಹಬ್ಬ ಮಾಡ್ತೀಯ ಅಂತ ಒಬ್ಬರೂ ಕೇಳಲಿಲ್ಲ ನೋಡ್ರೀ. ಈ ಓಣೀಲಿ ನಾನು ಬಿದ್ದು ಒದ್ದಾಡಿದ್ರೂ ಕೇಳೋರಿಲ್ಲ. ಭಯ ಆಗ್ತದೆ. ಸಂಜೆ ನೀವು ಬಂದು ಬೀಗ ಅಲ್ಲಾಡಿಸಿದ ಮೇಲೇ ನಂಗೆ ತುತ್ತು ಇಳಿಯೋದು. ಇವತ್ತು ತಡ ಆಯ್ತಲ್ಲ, ಇನ್ನು ಬರಲ್ವೇನೋ ಅಂತ ಕುಕ್ಕರ್ ಇಟ್ಟೆ.”

“ಅಲ್ರಮ್ಮಾ, ನೀವು ಒಳಗೆ ಸತ್ತು ಬಿದ್ದಿದ್ರೂ ನಾನು ಬೀಗ ನೋಡಿ, ಮನೆ ಸುರಕ್ಷಿತವಾಗಿದೆ ಅಂತ ಕಳಿಸಿ ಹೋಗ್ತಿದ್ದೆ!”

“ಬಂದಂತೂ ಹೋಗ್ತಿದ್ರಲ್ಲ.”

ಪರಶುರಾಮನಿಗೆ ಪಾಪ ಅನ್ನಿಸಿತು. ಆದರೆ ನೌಕರಿ ನೌಕರಿಯೇ. ಬೀಗದ ಕೈ ಇಸಿದುಕೊಂಡು ಹೋಗಿ ಮುಂಬಾಗಿಲು ತೆಗೆದ. ಮನೆಯವರು ಊರಿಂದ ಬಂದರು ಎಂದು ಠಾಣೆಗೆ ಕಳಿಸಲು ಹೊಸ್ತಿಲ ಮೇಲೆ ನಿರ್ಮಲಮ್ಮನನ್ನು ನಿಲ್ಲಿಸಿ ಫೋಟೊ ತೆಗೆಯಲು ಹೋದ. ಅವರು ಕೈ ಅಡ್ಡ ಹಿಡಿದರು.

“ರಜೆ ಮುಗಿಯೋ ತನಕ ನಾನಿನ್ನೂ ಬಂದಿಲ್ಲ ಅಂತಲೇ ಇರ್ಲಿ ಬಿಡ್ರೀ. ನಿಮ್ಮ ಕಾಲಿಗೆ ಬೀಳ್ತೀನಿ.”

“ಛೆ ಛೆ, ದೊಡ್ಡೋರು ನೀವು! ಹಂಗೆಲ್ಲ ಮಾಡಕ್ಕಾಗಲ್ರೀ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರ್ತದೆ.” ಫೋಟೊ ತೆಗೆದ. ಊಟ ಮಾಡಿಕೊಂಡು ಹೋಗಿ ಎಂದು ನಿರ್ಮಲಮ್ಮ ಎಷ್ಟು ಹೇಳಿದರೂ, ಇನ್ನೂ ಮುಂದಿನ ಓಣಿ ಬಾಕಿ ಐತೆ ಎಂದು ಬೈಕ್ ಹತ್ತಿದ.

ಮರುದಿನ ಸಂಜೆ ನಿರ್ಮಲಮ್ಮ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಮುಂಬಾಗಿಲಿನ ಎರಡೂ ಕದ ತೆರೆದು, ಲೈಟು ಹಾಕಿ ಹೊಸ್ತಿಲ ಬಳಿ ಕೂತರು. ಓಣಿಯ ತುದಿಯಲ್ಲಿ ಬೈಕು ಕಾಣಿಸಿತು. ಒಂದೊಂದೇ ಮನೆಯ ಮುಂದೆ ನಿಲ್ಲುತ್ತಾ, ಬೀಗ ನೋಡುತ್ತಾ ಪರಶುರಾಮ ಹತ್ತಿರ ಬಂದ. ನಿರ್ಮಲಮ್ಮ ಎದ್ದು ನಿಂತರು. ಅವನು ಬೈಕ್ ನಿಧಾನ ಮಾಡಿದ, ನಿಲ್ಲಿಸಲಿಲ್ಲ.

“ಏನ್ರಮ್ಮಾ, ಇಷ್ಟಗಲ ಬಾಗಿಲು ತೆಗೆದು ನಿಂತೀರಲ್ಲ! ಕಳ್ಳರು ತಿರುಗೋ ಕಾಲ. ಒಳಗಿಂದ ಭದ್ರವಾಗಿ ಚಿಲಕ ಹಾಕ್ಕೊಳ್ರೀ” ಎಂದು ನಿಜವಾದ ಕಾಳಜಿಯಿಂದಲೇ ಹೇಳಿ ಮುಂದೆ ಹೋದ.