ಬದಲಿಗೆ ನಿಂತ ಅಜ್ಜಿ

“ಅಮ್ಮಾ, ಓಕ್‌ಬುನ್ ಅಜ್ಜಿ ನಮ್ಮಮ್ಮನ ಅಮ್ಮ ಅಂತ ಸಿಸ್ಟರ್ ಹತ್ರ ಹೇಳ್ದೆನಲ್ಲ, ಅದನ್ನೂ ಫಾದರ್‌ಗೆ ಹೇಳ್ಬೇಕಾ?”

ಚರ್ಚಿನಲ್ಲಿ ಪಾಪನಿವೇದನೆಯ ಸಾಲಿನಲ್ಲಿ ನಿಂತಿದ್ದ ದಾಮಿ ಇದನ್ನು ಪಿಸುಮಾತಿನಲ್ಲೇನೂ ಕೇಳಲಿಲ್ಲ. ಮುಂದೆ ನಿಂತಿದ್ದ ಹುಡುಗನ ತಾಯಿ ತಿರುಗಿ ನೋಡಿದಳು. ಹೇರಿನ್ ಆಕೆಯತ್ತ ಹಲ್ಲು ಕಿರಿದು, ಮಗಳ ಭುಜವನ್ನು ಮೆಲ್ಲಗೆ ಹಿಸುಕಿದಳು.

“ಅದೆಲ್ಲ ಪಾಪದಲ್ಲಿ ಬರಲ್ಲ. ತಮ್ಮನ್ನ ಹೊಡ್ದಿದ್ದು ಹೇಳು, ಸಾಕು.”

“ಸುಳ್ಳು ಬರುತ್ತೆ. ಸಿಸ್ಟರೇ ಹೇಳಿಕೊಟ್ಟಿದಾರೆ.”

ಬೆಳಗ್ಗೆ ಶಾಲೆಯ ಮುಂದಿನ ರಸ್ತೆಯಲ್ಲಿ ಹಳದಿ ಬಾವುಟ ಹಿಡಿದು ಮಕ್ಕಳನ್ನು ದಾಟಿಸುವ ಪಾಳಿ ಎಲ್ಲ ಮನೆಗಳಿಗೂ ಬರುತ್ತಿತ್ತು. ಮನೆಯವರೇ ನಿಲ್ಲಬೇಕು, ಕೂಲಿಯವರನ್ನು ಕಳಿಸಕೂಡದು ಎಂದು ತಾಯಂದಿರ ಸಂಘದ ಕಟ್ಟಪ್ಪಣೆ. ಹೇರಿನ್‌ಗೆ ಅದೇ ಹೊತ್ತಿಗೆ ಹಲ್ಲಿನ ಆಸ್ಪತ್ರೆಯ ಬಾಗಿಲು ತೆರೆಯಬೇಕು. ಅವಳ ಕಟ್ಟಡದ ಕೆಳಗೆ ಮೀನಿನ ವಡೆ ಬೇಯಿಸಿ ಮಾರುವ ಓಕ್‌ಬುನ್ ಅಜ್ಜಿಗೆ ಇನ್ನೊಂದು ಕಸುಬಿತ್ತು. ದುಡ್ಡಿಗೆ ಯಾರ ಬದಲಿಗೋ ಆಸ್ಪತ್ರೆಯ ಚೀಟಿಗೆ ಸಾಲು ನಿಲ್ಲುವುದು, ಯಾರದೋ ಹಿರಿಯರ ಗೋರಿಯ ಮೇಲಿನ ಹುಲ್ಲು ಕೊಯ್ದು ಬರುವುದು. ಬಾವುಟ ಹಿಡಿಯುವುದೂ ಅವಳಿಗೆ ಅಂಥದ್ದೇ ಇನ್ನೊಂದು ಕೆಲಸ. “ಯಾರು ಆಕೆ?” ಎಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಸ್ಕೊಲಾಸ್ಟಿಕಾ ಕೇಳಿದಾಗ ಹೇರಿನ್ ಬಾಯಿಂದ “ನಮ್ಮಮ್ಮ” ಎಂದು ಬಂದುಬಿಟ್ಟಿತ್ತು. ಮಗಳಿಗೂ ಹಾಗೇ ಹೇಳಲು ಕಲಿಸಿದಳು.

ಮಂಜು ಬೀಳಲಿ, ಸೆಕೆ ಇರಲಿ, ಒಂದು ಪಾಳಿಯನ್ನೂ ಮುದುಕಿ ತಪ್ಪಿಸಲಿಲ್ಲ. ಯಡವಟ್ಟಾಗಿದ್ದೂ ಅದರಿಂದಲೇ. ನಾಳೆ ಮಕ್ಕಳ ಪ್ರಥಮ ಪರಮಪ್ರಸಾದ, ಪೂಜೆಯ ಪವಿತ್ರ ರೊಟ್ಟಿಯನ್ನು ಅವರು ಮೊದಲ ಸಲ ಸ್ವೀಕರಿಸುವ ದಿನ. ಬಲಿಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸಗಳ ಕಾಣಿಕೆಯನ್ನು ದಾಮಿಯ ಅಜ್ಜಿಯೇ ಪೀಠಕ್ಕೆ ತರಬೇಕೆಂದು ಸಿಸ್ಟರ್ ಹಟ ಹಿಡಿದಿದ್ದರು. ನಾಳೆ ಬೆಳಗಿನ ಬಸ್ಸಿಗೆ ಆಂದೊಂಗ್‌ನಿಂದ ಹೇರಿನ್‌ಳ ಅತ್ತೆ ಬರುವವಳಿದ್ದಳು, ಮುಂದಿನ ಸಾಲಿನಲ್ಲೇ ಕೂರುವವಳು. ಹೇರಿನ್‌ಳ ತಾಯಿ ತೀರಿಕೊಂಡಾಗ ಮೂರು ದಿನ ಸೂತಕದ ಮನೆಯಲ್ಲಿ ಕೂತು ಬಂದವರಿಗೆಲ್ಲ ಊಟ ಬಡಿಸಿದವಳು ಅದೇ ಅತ್ತೆ.

ತಾಲೀಮಿಗೆಂದು ಬಂದಿದ್ದ ಓಕ್‌ಬುನ್ ಅಜ್ಜಿ ಈಗ ಕೊನೆಯ ಬೆಂಚಿನಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಸಿಸ್ಟರ್ ಆ ಕಡೆಯಿಂದ ಬರುತ್ತ ಹೇರಿನ್ ಪಕ್ಕದಲ್ಲಿ ನಿಂತು, ಅವಳ ಜ್ಞಾನಸ್ನಾನದ ಹೆಸರು ಹಿಡಿದು ಕರೆದರು.

“ಲೂಸಿಯಾ, ನಿಮ್ಮ ತಾಯಿ ಒಂದು ಹನಿ ತುಳುಕಿಸಲಿಲ್ಲ ನೋಡಿ. ನಾಲ್ಕು ಸಲ ನಡೆಸಿದೆ, ನಾಲ್ಕು ಸಲಾನೂ. ಪೀಠದ ಮುಂದೆ ಸೊಂಟ ಮುರಿಯೋ ಹಾಗೆ ಬಗ್ಗಿದ್ರು, ಅಷ್ಟು ಬೇಡ ಅಂತ ಹೇಳಿ.”

“ಹೇಳ್ತೀನಿ ಸಿಸ್ಟರ್.”

ಅವರು ಮುಂದೆ ಹೋದ ಕೂಡಲೇ ಹೇರಿನ್ ಸಾಲು ಬಿಟ್ಟು ಮುದುಕಿಯ ಹತ್ತಿರ ಬಂದಳು. ಕೂರಲಿಲ್ಲ.

“ಅಜ್ಜಿ, ನಾಳೆ ಬರೋದು ಬೇಡ ನೀವು. ಮಂಡಿನೋವು ಜಾಸ್ತಿಯಾಯ್ತು ಅಂತ ನಾನೇ ಹೇಳ್ತೀನಿ.”

“ಮಂಡಿ ಬೇಡ. ಈಗಷ್ಟೇ ಕುದುರೆ ಥರ ನಡೆದು ತೋರಿಸಿದೀನಿ. ಹೊಟ್ಟೆ ಕೆಟ್ಟಿದೆ ಅನ್ನು. ಮುದುಕರ ಹೊಟ್ಟೆ ಯಾರೂ ವಿಚಾರಿಸಲ್ಲ.”

“ನಮ್ಮತ್ತೆ ಬರ್ತಿದಾರೆ. ಅದಕ್ಕೆ…”

“ಬಿಡು, ಕಾರಣ ಯಾಕೆ. ಬಟ್ಟೆಪೆಟ್ಟಿಗೆಯಿಂದ ಹಬ್ಬಕ್ಕೆ ಉಡೋ ಹಳೇ ರೇಷ್ಮೆ ಹನ್‌ಬೋಕ್ ತೆಗೆದು ಗಾಳಿಗೆ ಹಾಕಿದ್ದೆ. ಮಡಿಸಿ ಇಡ್ತೀನಿ. ಹುಳ ತಿನ್ನದಿದ್ರೆ ಅದೇನು ಹಾಳಾಗೋ ವಸ್ತು ಅಲ್ಲ.” ಮಂಡಿ ನೀವುತ್ತಲೇ ಕೇಳಿದಳು, “ದಾಮಿಗೆ ಹೇಳಿದ್ಯಾ?”

ಹೇರಿನ್ ಹೇಳಿರಲಿಲ್ಲ. ಅಷ್ಟರಲ್ಲಿ ಪಾಪನಿವೇದನೆಯ ಗೂಡಿನ ಬಾಗಿಲು ತೆರೆದು ದಾಮಿ ಹೊರಗೆ ಬಂದಳು. ಹಗುರಾದವಳಂತೆ ಕುಣಿಯುತ್ತಲೇ ಬಂದಳು.

“ತಮ್ಮನ್ನ ಹೊಡೆದಿದ್ದಕ್ಕೆ ಒಂದೇ ಒಂದು ‘ನಮೋ ಮರಿಯ’ ಪ್ರಾರ್ಥನೆ ಹೇಳಿದ್ರೆ ಸಾಕಂತೆ. ಸುಳ್ಳಿಗೆ ಏನೂ ಇಲ್ಲ. ಅದು ನಿಂದಲ್ಲ, ನಿಮ್ಮಮ್ಮಂದು, ಅವರೇ ಬಂದು ಹೇಳ್ಲಿ ಅಂದ್ರು ಫಾದರ್. ಹೋಗಮ್ಮ, ಈಗ ದೊಡ್ಡವರ ಸರದಿ.”

ಮಕ್ಕಳ ಹಿಂದೆ ತಂದೆತಾಯಿಯರೂ ಹೋಗಬೇಕೆಂಬುದು ಈ ಶಾಲೆಯ ಪದ್ಧತಿ. ಹೇರಿನ್ ಅದನ್ನು ಹೇಗೋ ಜಾರಿಸಿಬಿಡುವ ಯೋಚನೆಯಲ್ಲಿದ್ದಳು. ಪುಣ್ಯಕ್ಕೆ ಜೇಬಿನಲ್ಲಿ ಫೋನ್ ಗುರುಗುಟ್ಟಿತು. ಆಸ್ಪತ್ರೆಯಿಂದ. ಶನಿವಾರದ ರೋಗಿಗಳು ಕೂತಿದ್ದಾರೆ, ಡಾಕ್ಟರು ಮುಖ ಗಂಟು ಹಾಕಿಕೊಂಡಿದ್ದಾರೆ. ಅವಳು ಹೊರಬಾಗಿಲ ಕಡೆ ನೋಡಿದಳು. ಆಮೇಲೆ ಗೂಡಿನ ಕಡೆ. ಅಲ್ಲಿ ಸಿಸ್ಟರ್ ಸ್ಕೊಲಾಸ್ಟಿಕಾ ಕೈ ಮಾಡಿ ಅವಳನ್ನೇ ಕರೆಯುತ್ತಿದ್ದರು.

ಓಕ್‌ಬುನ್ ಅಜ್ಜಿ ಬೆಂಚು ಹಿಡಿದು ಎದ್ದು, ಲಂಗದ ಸುಕ್ಕು ಕೊಡವಿಕೊಂಡಳು. ದೇವಾಲಯದ ರೀತಿನೀತಿ ಅವಳಿಗೆ ಗೊತ್ತಿರಲಿಲ್ಲ. ಸಾಲು ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

“ಹೊತ್ತಾಯ್ತಲ್ಲ ನಿಂಗೆ, ಹೊರಡು ದಾಮಿ ಅಮ್ಮ. ಒಳಗೆ ಮುಖ ಕಾಣಲ್ವಂತೆ, ನಿನ್ನ ಬದಲು ನಾನೇ ಹೋಗಿ ಬರ್ತೀನಿ. ನೀನು ಯಾರಿಗೆ ಏನ್ ತಪ್ಪು ಮಾಡಿದೀಯ, ಅದೊಂದು ಹೇಳ್ಬಿಡು.”